ಜೋಳದ ಮೊಳಕೆ, ಬೆಚ್ಚನೆಯ ಪೆಟ್ಟಿಗೆ

ಆಳಂದದಿಂದ ಹಿರಿಯ ಸೋದರಿಯೊಬ್ಬರು ಬರೆದ ದೀರ್ಘ ಪತ್ರವೊಂದು ಈ ವಾರ ನಮ್ಮ ಮುಂದಿದೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಅವರ ಮಗ ರಜೆಗೆಂದು ಊರಿಗೆ ಬಂದವನು, ಮದುವೆ ಮುಂಜಿಗಳಿಗೆ ತಣ್ಣೀರು ಒಯ್ಯಲೆಂದು ಕೊಂಡಿದ್ದ ಐಸ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಅದರ ತಳದಲ್ಲಿ ತೂತುಗಳುಳ್ಳ ತಟ್ಟೆಯೊಂದನ್ನು ಕೂರಿಸಿ, “ಅವ್ವಾ, ಇದು ಮ್ಯಾಷ್ ಟನ್” ಎಂದನಂತೆ. ಆ ದೇಶದಲ್ಲಿ ಅವನು ಮನೆಯಲ್ಲಿಯೇ ಬಿಯರ್ ತಯಾರಿಸುತ್ತಾನೆಂಬ ಸಂಗತಿಯೂ ಅಂದೇ ಹೊರಬಿದ್ದಿತಂತೆ. “ಮನೆಯಲ್ಲಿ ಒಂಬತ್ತು ತಿಂಗಳ ಮೊಮ್ಮಗುವಿದೆ. ಹುದುಗು ಹಾಕುವ ಮೊದಲು ಅದು ಬರಿಯ ಸಿಹಿನೀರು, ಕೂಸಿಗೂ ಕುಡಿಸಬಹುದು ಎನ್ನುತ್ತಾನೆ. ನಮ್ಮ ಹೊಲದ ಬಿಳಿಜೋಳವನ್ನೇ ಮೊಳಕೆ ಕಟ್ಟು ಎನ್ನುತ್ತಾನೆ. ಕಟ್ಟಲೋ ಬೇಡವೋ ಹೇಳಿರಿ” ಎಂದು ಆ ತಾಯಿ ಕೇಳಿದ್ದಾರೆ.

ಪೆಟ್ಟಿಗೆಯ ವಿಷಯವನ್ನು ಮೊದಲು ನೋಡೋಣ. ಹೆಸರು ಪರದೇಶದ್ದಾದರೂ ಕೆಲಸ ನಮ್ಮ ಅಡುಗೆಮನೆಗೆ ಹೊಸದಲ್ಲ. ಅನ್ನದ ತಪ್ಪಲೆಯನ್ನು ಒಲೆಯಿಂದ ಇಳಿಸಿ ಕೌದಿ ಸುತ್ತಿ ಮೂಲೆಯಲ್ಲಿಟ್ಟರೆ ಹೊತ್ತು ಮೀರಿ ಬಂದವರಿಗೂ ಬಿಸಿ ಊಟ ಸಿಕ್ಕುತ್ತದೆ. ಮ್ಯಾಷ್ ಟನ್ ಎಂಬುದೂ ಅಂಥದೇ, ಬಿಸಿಯನ್ನು ಕಾಯ್ದಿಡುವ ಪಾತ್ರೆ. ಇಲ್ಲಿ ಬಿಸಿಯ ಲೆಕ್ಕ ಮಾತ್ರ ಬಹಳ ಬಿಗಿಯಾದುದು.

ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಕರಗಿಸಿಕೊಳ್ಳಲೆಂದು ಕಿಣ್ವಗಳನ್ನು ಹುಟ್ಟಿಸಿಕೊಳ್ಳುತ್ತದೆ. ಮೊಳೆತ ಕಾಳನ್ನು ಒಣಗಿಸಿಟ್ಟರೆ ಅದೇ ಮಾಲ್ಟ್. ಕಿಣ್ವಗಳು ಅದರಲ್ಲಿ ನಿದ್ರಿಸುತ್ತಿರುತ್ತವೆ. ಅದನ್ನು ತರಿಯಾಗಿ ಒಡೆದು ಬಿಸಿನೀರಿಗೆ ಹಾಕಿದರೆ ಎದ್ದು ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸತೊಡಗುತ್ತವೆ. ಮುಖ್ಯವಾದ ಕಿಣ್ವಗಳು ಎರಡು. ಒಂದಕ್ಕೆ 60ರಿಂದ 65 ಡಿಗ್ರಿ ಸೆಲ್ಸಿಯಸ್ ಹಿತ, ಇನ್ನೊಂದಕ್ಕೆ 70ರ ಆಸುಪಾಸು. ನೀರು ತಣ್ಣಗಾದರೆ ಎರಡೂ ಸೋಮಾರಿಗಳು. 80ನ್ನು ದಾಟಿದರೆ ಎರಡೂ ಸತ್ತಂತೆಯೇ. ಆದುದರಿಂದ 65, 66 ಡಿಗ್ರಿಯಲ್ಲಿ ಒಂದು ಗಂಟೆಯ ಕಾಲ ಅಲುಗಾಡದೆ ನಿಲ್ಲಿಸಬೇಕು. ಒಲೆಯ ಮೇಲೆ ಇದು ಸಾಧ್ಯವಾಗದು, ತಳ ಕುದಿಯುತ್ತದೆ, ಮೇಲೆ ಆರುತ್ತದೆ. ಒಳ್ಳೆಯ ಐಸ್ ಪೆಟ್ಟಿಗೆಯಾದರೆ ಒಂದು ಗಂಟೆಯಲ್ಲಿ ಇಳಿಯುವುದು ಒಂದೆರಡು ಡಿಗ್ರಿ ಮಾತ್ರ. ಮೇಲೊಂದು ಕೌದಿ ಹೊದಿಸಿದರೆ ಇನ್ನೂ ಲೇಸು.

ಮಗರಾಯನಿಗೆ ಇಲ್ಲೊಂದು ಮಾತು. ಒಂದು ಕಿಲೋ ಮಾಲ್ಟಿಗೆ ಮೂರು ಲೀಟರು ನೀರು ಎಂಬ ಅಳತೆ ಎಲ್ಲಿಯೂ ನಡೆದೀತು. ಆದರೆ ಅಲ್ಲಿನ ಬಿಸಿಯ ಲೆಕ್ಕ ಇಲ್ಲಿ ನಡೆಯದು. ಚಳಿಯ ದೇಶದಲ್ಲಿ ಕಾಳು 10 ಡಿಗ್ರಿಯಲ್ಲಿರುತ್ತದೆ. 65ಕ್ಕೆ ನಿಲ್ಲಬೇಕಾದರೆ ನೀರನ್ನು 72, 73ಕ್ಕೆ ಕಾಯಿಸಬೇಕು. ಬೇಸಗೆಯ ಆಳಂದದಲ್ಲಿ ಚೀಲದೊಳಗಿನ ಕಾಳೇ 40ರಲ್ಲಿದ್ದೀತು. 68, 69 ಸಾಕು. ಈ ನಾಲ್ಕು ಡಿಗ್ರಿಗಳೇ ಕಿಣ್ವವನ್ನು ಉಳಿಸುವುದು ಅಥವಾ ಕೊಲ್ಲುವುದು. ಕೈಯದ್ದಿ ನೋಡುವ ಅಂದಾಜು ಬೇಡ, ಉಷ್ಣಮಾಪಕ ಬೇಕು. ಪೆಟ್ಟಿಗೆಯನ್ನೂ ಮೊದಲು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿಕೊಳ್ಳಬೇಕು. ಕೆಲಸ ಮುಗಿಯಿತೆ ಎಂಬುದನ್ನು ತಿಳಿಯಲು ಬಿಳಿಯ ಬಸಿಯಲ್ಲಿ ಒಂದು ಚಮಚೆ ರಸ ಹಾಕಿ ಟಿಂಚರ್ ಅಯೊಡಿನ್‌ನ ಒಂದು ಹನಿ ಬಿಡಿ. ಕಡುನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ. ಬಸಿಯಲ್ಲಿದ್ದುದನ್ನು ಚೆಲ್ಲಿಬಿಡಬೇಕು, ಮರಳಿ ಪಾತ್ರೆಗೆ ಸುರಿಯಕೂಡದು.

ಇನ್ನು ಕಾಯಿದೆ. ಕಿಣ್ವವೆಂಬ ಮಾತೇ ಹಳೆಯ ಸುರೆಯ ಮಡಕೆಯಿಂದ ಬಂದದ್ದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಸುರಾಧ್ಯಕ್ಷನ ಅಧಿಕಾರವನ್ನು ಹೇಳುವ ಅಧ್ಯಾಯವೊಂದುಂಟು. ಅಲ್ಲಿ ಕಿಣ್ವವೆಂದರೆ ಉದ್ದು, ಅಕ್ಕಿ ಮೊದಲಾದವುಗಳಿಂದ ಕಟ್ಟಿದ ಹುದುಗು. ಸಮಾರಂಭಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕೆಂದು ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಲು ಗೃಹಸ್ಥರಿಗೆ ಆ ಗ್ರಂಥ ಅನುಮತಿ ಕೊಡುತ್ತದೆ. ಇಂಗ್ಲೆಂಡು 1963ರಲ್ಲಿ ಮನೆಯ ಬಿಯರಿಗೆ ಬೇಕಾಗಿದ್ದ ಲೈಸೆನ್ಸನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರ ಕಾನೂನು ಅದೇ ದಾರಿಯನ್ನು ತೆರೆಯಿತು. ನಮ್ಮಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯಿದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ. ಅದಕ್ಕೆಂದು ಪಾತ್ರೆ ಪರಡಿಗಳನ್ನು ಇಟ್ಟುಕೊಳ್ಳುವುದೂ ಕೂಡದು. ಬೆಂಗಳೂರಿನಲ್ಲಿ 2011ರಿಂದ ಗಿರಾಕಿಗಳ ಕಣ್ಣೆದುರೇ ಬಿಯರ್ ಇಳಿಸುವ ಹೋಟೆಲುಗಳು ತೆರೆದಿವೆಯಲ್ಲ ಎಂದು ಮಗ ವಾದಿಸಿಯಾನು. ಅವು ಲೈಸೆನ್ಸ್ ಪಡೆದವು. ಪೆಟ್ಟಿಗೆಯಿಂದ ಇಳಿದ ಸಿಹಿರಸ ಆಹಾರ; ಅದಕ್ಕೆ ಯೀಸ್ಟ್ ಬಿದ್ದು ನೊರೆಯೆದ್ದಲ್ಲಿಗೆ ಎಲ್ಲೆ ದಾಟಿದಂತೆ. ಆಳಂದದ ಸೆಕೆಯಲ್ಲಿ ಯಾರೂ ಏನನ್ನೂ ಹಾಕದಿದ್ದರೂ ಒಂದು ಹಗಲು ಒಂದು ರಾತ್ರಿಯಲ್ಲಿ ಅದು ತಾನಾಗಿಯೇ ಹುಳಿಯತೊಡಗುತ್ತದೆಂಬುದನ್ನು ಮರೆಯಬಾರದು. ಕುದಿಸಿ ಅಂದೇ ಮುಗಿಸಬೇಕು.

ಈಗ ಜೋಳಕ್ಕೆ ಬರೋಣ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದ ಮಾಲದಂಡಿ ತಳಿ ಗಡಿಯ ಈಚೆಗೂ ಎಷ್ಟೋ ಮನೆಗಳ ರೊಟ್ಟಿಯಾಗಿದೆ. ರೊಟ್ಟಿಗೆ ಅದರ ಸಮ ಬೇರಿಲ್ಲ. ಮ್ಯಾಷ್ ಟನ್ನಿನಲ್ಲಿ ಮಾತ್ರ ಜೋಳ ಮೊಂಡು ಹಿಡಿಯುತ್ತದೆ. ಬಾರ್ಲಿಯ ಪಿಷ್ಟ 60ರ ಆಸುಪಾಸಿನಲ್ಲಿಯೇ ಅಂಟಾಗಿ ಬಿಚ್ಚಿಕೊಂಡು ಕಿಣ್ವಕ್ಕೆ ಎಡೆ ಕೊಡುತ್ತದೆ. ಜೋಳದ ಪಿಷ್ಟ 70ನ್ನು ದಾಟಿದ ಮೇಲೆಯೇ ಬಿಚ್ಚುವುದು. ಅಷ್ಟರಲ್ಲಿ ಕಿಣ್ವದ ಕಸುವು ಕುಗ್ಗಿರುತ್ತದೆ. ಮೇಲಾಗಿ ಬಾರ್ಲಿಯ ಸಿಪ್ಪೆ ಪೆಟ್ಟಿಗೆಯ ತಳದಲ್ಲಿ ಹುಲ್ಲಿನ ಹಾಸಿನಂತೆ ನಿಂತು ರಸವನ್ನು ಸೋಸುತ್ತದೆ. ಜೋಳಕ್ಕೆ ಅಂಥ ಸಿಪ್ಪೆಯಿಲ್ಲ. ಹಿಟ್ಟು ತೂತುಗಳಿಗೆ ಮೆತ್ತಿಕೊಂಡು ನಲ್ಲಿ ಕಟ್ಟಿಹೋಗುತ್ತದೆ. ನೈಜೀರಿಯಾ ದೇಶ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳವನ್ನು ಪಳಗಿಸಲು ಹೊರಗಿನಿಂದ ಕಿಣ್ವ ತಂದು ಬೆರೆಸಬೇಕಾಯಿತು. ಮನೆಯಲ್ಲಿ ಉಪಾಯವೊಂದುಂಟು. ಜೋಳದ ಹಿಟ್ಟನ್ನು ಮೊದಲು ಗಂಜಿಯಾಗಿ ಚೆನ್ನಾಗಿ ಬೇಯಿಸಿ, 65ಕ್ಕೆ ಆರಿಸಿ, ಬಳಿಕ ಮಾಲ್ಟಿನ ಹಿಟ್ಟನ್ನು ಕಲಸುವುದು. ಬೇಯಿಸಿದ್ದು ಪಿಷ್ಟ ಬಿಚ್ಚಲು, ಆರಿಸಿದ್ದು ಕಿಣ್ವ ಬದುಕಲು.

ಆ ಮಾಲ್ಟನ್ನು ಜೋಳದಿಂದಲೇ ಮಾಡಬೇಕೆ? ಪತ್ರವನ್ನು ಓದುತ್ತ ನಮಗೆ ನಿಜವಾಗಿ ದಿಗಿಲಾದದ್ದು ಈ ಎಡೆಯಲ್ಲಿ. ಮಳೆ ಕೈಕೊಟ್ಟಾಗ ಬಾಡಿದ ಎಳೆಯ ಜೋಳಕ್ಕೆ ದನ ಬಾಯಿ ಹಾಕದಂತೆ ಒಕ್ಕಲಿಗರು ಕಾಯುತ್ತಾರೆ. ಕೊಯ್ದ ಹೊಲದ ಕೂಳೆಯಲ್ಲಿ ಚಿಗುರು ಬಂದರೂ ಹಾಗೆಯೇ. ಮೇಯ್ದ ದನ ಕೆಲವೇ ನಿಮಿಷಗಳಲ್ಲಿ ತತ್ತರಿಸಿ ಬೀಳುವುದುಂಟು. ಎಳೆಯ ಜೋಳದಲ್ಲಿ ಧುರಿನ್ ಎಂಬ ವಸ್ತುವಿದೆ. ಅದು ಒಡೆದಾಗ ಹುಟ್ಟುವುದು ಸಯನೈಡಿನ ವಿಷ. ಒಣ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ರೊಟ್ಟಿಗೆ ಭಯವಿಲ್ಲ. ಕಾಳು ಮೊಳೆತೊಡನೆಯೇ ಚಿಗುರಿನಲ್ಲಿ ಅದು ಏರತೊಡಗುತ್ತದೆ. ಹೆಸರುಕಾಳಿನ ಮೊಳಕೆಯನ್ನು ಹಸಿಯಾಗಿ ತಿನ್ನುವಂತೆ ಜೋಳದ ಮೊಳಕೆಯನ್ನು ತಿನ್ನಕೂಡದು. ಆಫ್ರಿಕದಲ್ಲಿ ಜೋಳದ ಮಾಲ್ಟ್ ಮಾಡುವವರು ಮೊಳಕೆಯನ್ನು ಒಣಗಿಸಿ, ಉಜ್ಜಿ, ಚಿಗುರು ಬೇರುಗಳನ್ನು ಕೇರಿ ತೆಗೆದು, ಬಳಿಕ ಬೇಯಿಸುತ್ತಾರೆ. ದೊಡ್ಡವರಿಗೆ ಅಷ್ಟು ಎಚ್ಚರ ಸಾಕಾದೀತು. ಒಂಬತ್ತು ತಿಂಗಳ ಕೂಸಿಗೆ ಆ ಪರೀಕ್ಷೆಯೇ ಬೇಡ. ತಾಯಿ, ಜೋಳವನ್ನು ಮೊಳಕೆ ಕಟ್ಟಬೇಡಿ. ರಾಗಿಯನ್ನು ಕಟ್ಟಿ.

ರಾಗಿ ಮಾಲ್ಟಿನಲ್ಲಿ ಈ ಭಯವಿಲ್ಲ, ಕಿಣ್ವವೂ ಚೆನ್ನಾಗಿದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿ ಪ್ರಕಟಿಸಿದ ಶಿಶು ಆಹಾರವೊಂದು ರಾಗಿ ಮಾಲ್ಟ್ ಮತ್ತು ಹೆಸರುಕಾಳಿನಿಂದಲೇ ಆದುದು. ಅದರ ಗುಟ್ಟು ಇಷ್ಟೆ. ಕೂಸಿನ ಹೊಟ್ಟೆ ಚಿಕ್ಕದು. ಗಂಜಿ ಗಟ್ಟಿಯಾದರೆ ಕೂಸು ನುಂಗದು. ನೀರು ಬೆರೆಸಿ ತೆಳುವಾಗಿಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಮಾಲ್ಟ್ ನೀರನ್ನು ಹೆಚ್ಚಿಸದೆಯೇ ಗಂಜಿಯನ್ನು ತೆಳುವಾಗಿಸುತ್ತದೆ. ಮಗನ ಪೆಟ್ಟಿಗೆಗೂ ಅಜ್ಜಿಯ ಬೋಗುಣಿಗೂ ಇರುವ ಅಂತರ ಇಲ್ಲಿಯೇ. ಬಿಯರಿಗೆ ರಸ ಬೇಕು, ಕಾಳಿನ ಚರಟ ಎಮ್ಮೆಯ ಪಾಲು. ಕೂಸಿಗೆ ಕಾಳು ಪೂರ್ತಿ ಬೇಕು. ಸೋಸಿದ ಸಿಹಿನೀರನ್ನು ಕುಡಿಸಿ ಚರಟವನ್ನು ಎಮ್ಮೆಗೆ ಹಾಕಿದರೆ ಎಮ್ಮೆ ಪುಷ್ಟಿಯಾದೀತು.

ರಾಗಿಯನ್ನು ರಾತ್ರಿ ನೆನೆಹಾಕಿ, ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಬೂಷ್ಟು ಕಂಡರೆ ಚೆಲ್ಲಿಬಿಡಿ. ನೆರಳು ಬಿಸಿಲುಗಳಲ್ಲಿ ಗರಿಗರಿಯಾಗಿ ಒಣಗಿಸಿ, ಬೇರುಗಳನ್ನು ಉಜ್ಜಿ ಕೇರಿ, ಬೀಸಿ, ಜರಡಿ ಹಿಡಿಯಿರಿ. ಪರಿಮಳಕ್ಕೆಂದು ಕೆಂಪಗೆ ಹುರಿಯುವ ವಾಡಿಕೆಯುಂಟು. ಹುರಿದರೆ ಪರಿಮಳ ಬರುತ್ತದೆ, ಕಿಣ್ವ ಸಾಯುತ್ತದೆ, ಗಂಜಿ ತೆಳುವಾಗದು. ಜೋಳದ ಹಿಟ್ಟು, ಹೆಸರುಬೇಳೆಯ ಹಿಟ್ಟುಗಳ ಗಟ್ಟಿ ಗಂಜಿಯನ್ನು ಬೇಯಿಸಿ ಇಳಿಸಿ. 65, 70ಕ್ಕೆ ಆರಿದ ಮೇಲೆ ಒಂದು ಚಮಚೆ ಮಾಲ್ಟಿನ ಹಿಟ್ಟು ಹಾಕಿ ತಿರುವಿ, ಮುಚ್ಚಿಡಿ. ಹತ್ತು ನಿಮಿಷದಲ್ಲಿ ಚಮಚೆಗೆ ಅಂಟುತ್ತಿದ್ದುದು ಜಾರತೊಡಗುತ್ತದೆ. ಮೊಳಕೆಯ ಹಿಟ್ಟಿನಲ್ಲಿ ರೋಗಾಣುಗಳಿರಬಹುದಾದ್ದರಿಂದ ಮತ್ತೆ ಒಲೆಗೇರಿಸಿ ಐದು ನಿಮಿಷ ಕುದಿಸಲೇಬೇಕು. ಈ ಸಲ ಕಿಣ್ವ ಸತ್ತರೆ ಚಿಂತೆಯಿಲ್ಲ, ಅದರ ಕೆಲಸ ಮುಗಿದಿದೆ. ಉಗುರುಬೆಚ್ಚಗಾದ ಮೇಲೆ ಉಣಿಸಿ. ಉಳಿದುದನ್ನು ಸಂಜೆಗೆಂದು ಎತ್ತಿಡಬೇಡಿ. ಉಷ್ಣಮಾಪಕವನ್ನು ಮಗನಿಂದ ಕೇಳಿ ಇಸಿದುಕೊಳ್ಳಿ.