ಮನೆ ಒಪ್ಪ ಮಾಡುವಾಗ ಮೊದಲು ಹೊರಗಿಡಬೇಕಾದುದು



ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಒಬ್ಬ ಹೆಂಗಸು ಕಳೆದುಹೋದ ಒಂದು ಬೆಳ್ಳಿ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯನ್ನೆಲ್ಲಾ ಗುಡಿಸುತ್ತಾಳೆ. ಮನೆ ಚೊಕ್ಕಟವಾದರೆ ಮನಸ್ಸು ಹಗುರವಾಗುತ್ತದೆಂದು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ವಾಸಿಸುವ ಕೋಣೆ, ಮನೆ, ಬೀದಿಗಳು ನಮ್ಮ ಯೋಚನೆ ಭಾವನೆಗಳನ್ನು ತಿದ್ದುತ್ತವೆಂದು ಪೋಪ್ ಫ್ರಾನ್ಸಿಸ್‌ರವರೂ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬರೆದಿದ್ದಾರೆ.

ಆದರೆ ಬೇಸಾಯಗಾರರ ಮನೆಯಲ್ಲಿ ಪಾತ್ರೆ ಬಟ್ಟೆಗಳಿಗಿಂತ ಮೊದಲು ಒಪ್ಪ ಮಾಡಬೇಕಾದ ವಸ್ತು ಒಂದಿದೆ. ಅದು ಬೆಳೆಗೆ ಹೊಡೆದು ಉಳಿದ ಔಷಧಿ. ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಾಗಲಿ, ಪಕ್ಕದ ಹೊಸೂರು, ಡೆಂಕಣಿಕೋಟೆ ಕಡೆಯಲ್ಲಾಗಲಿ, ತರಕಾರಿ ಬೆಳೆಯುವವರ ಅಟ್ಟದ ಮೇಲೋ ಮಂಚದ ಕೆಳಗೋ ಅರ್ಧ ಬಾಟಲಿ ಇರುವುದು ಹೊಸದಲ್ಲ. ಹೆಸರು ಔಷಧಿ, ಗುಣ ವಿಷ.

ಟೊಮೆಟೊ ಬೆಲೆ ಬಿದ್ದಾಗ, ಸಾಲಗಾರ ಬಾಗಿಲಿಗೆ ಬಂದಾಗ, ಗಂಡ ಹೆಂಡತಿ ಮಾತಿಗೆ ಮಾತು ಬೆಳೆಸಿದಾಗ ಮನಸ್ಸು ಕತ್ತಲಾಗುವುದುಂಟು. ದುಡುಕಿನ ಆ ಗಳಿಗೆ ಬಹಳ ಸಲ ಬೇಗನೆ ಕಳೆದುಹೋಗುತ್ತದೆ. ಆ ಹೊತ್ತಿಗೆ ವಿಷ ಕೈಗೆ ಸಿಗದಿದ್ದರೆ ಒಂದು ಜೀವ ಉಳಿಯುತ್ತದೆ. ಜಗತ್ತಿನ ಆತ್ಮಹತ್ಯೆಗಳಲ್ಲಿ ನೂರಕ್ಕೆ ಸುಮಾರು 15ರಿಂದ 20 ಕೀಟನಾಶಕದಿಂದ ಆಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಸಾಲದೇ ಎನ್ನಬಹುದು. ಶ್ರೀಲಂಕಾದ ಹಳ್ಳಿಗಳಲ್ಲಿ ಮನೆಮನೆಗೂ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. ಅದರಿಂದ ಸಾವು ಕಡಿಮೆಯಾದದ್ದು ಕಾಣಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಬೀಗದ ಕೈ ಮನೆಯಲ್ಲೇ ಇದ್ದರೆ ಬೀಗದಿಂದ ಏನು ಫಲ? ನಮ್ಮ ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆ ಚೆನ್ನೈನ 'ಸ್ನೇಹಾ' ಸಂಸ್ಥೆಯವರು ಬೇರೆ ದಾರಿ ಹಿಡಿದರು. ಊರಿಗೆಲ್ಲಾ ಸೇರಿ ಒಂದು ಉಗ್ರಾಣ, ಅದರಲ್ಲಿ ರೈತರಿಗೆ ಬೀಗವಿರುವ ಪೆಟ್ಟಿಗೆಗಳು, ನೋಡಿಕೊಳ್ಳಲು ಒಬ್ಬರು. ರೈತರು ಇದನ್ನು ಒಪ್ಪಿ ಬಳಸಿದರು.

ನಮ್ಮ ಧರ್ಮಕೇಂದ್ರಗಳಲ್ಲೂ ಇದು ಆಗಬೇಕೆಂಬುದು ನನ್ನ ಅಭಿಪ್ರಾಯ. ಮಹಿಳಾ ಸಂಘವೋ ರೈತರ ಗುಂಪೋ ಮುಂದೆ ಬಂದರೆ ಒಂದು ಸಣ್ಣ ಕೋಣೆ ಸಾಕು. ಅಲ್ಲಿಯವರೆಗೆ ಇಷ್ಟನ್ನಾದರೂ ಮಾಡೋಣ:

ಒಂದು ಸಲಕ್ಕೆ ಬೇಕಾದಷ್ಟೇ ಔಷಧಿ ಕೊಳ್ಳಿರಿ. ಉಳಿದದ್ದನ್ನು ವಾಸದ ಮನೆಗೆ ತರಬೇಡಿರಿ. ಬೇರೆ ಬಾಟಲಿಗೆ ಸುರಿದಿಡಬೇಡಿರಿ. ಖಾಲಿ ಡಬ್ಬಿಗಳನ್ನು ನೀರಿಗೆ, ಎಣ್ಣೆಗೆ ಬಳಸಬೇಡಿರಿ. ಯಾರಾದರೂ ವಿಷ ಕುಡಿದರೆ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿರಿ. ಔಷಧಿಯ ಚೀಟಿಯನ್ನು ಡಾಕ್ಟರಿಗೆ ತೋರಿಸಿರಿ.

ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು ಕುಳಿತರೆ ಪಕ್ಕದಲ್ಲಿ ಕುಳಿತು ಕೇಳಿರಿ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಫೋನ್ ಮಾಡಬಹುದು. ಕನ್ನಡ, ತಮಿಳು ಎರಡರಲ್ಲೂ ಮಾತನಾಡುತ್ತಾರೆ.

ಒಂದು ನಾಣ್ಯಕ್ಕಾಗಿ ಆ ಹೆಂಗಸು ಮನೆಯನ್ನೆಲ್ಲಾ ಹುಡುಕಿದಳು. ನಮ್ಮ ಮನೆಯ ಒಂದೊಂದು ಜೀವವೂ ಆ ನಾಣ್ಯಕ್ಕಿಂತ ಹೆಚ್ಚಿನದು. ಈ ವಾರವೇ ನಿಮ್ಮ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ.