ಕಾರು ಬಿಟ್ಟುಕೊಟ್ಟ ಬೀದಿಗೆ ಕುದುರೆ

ಮುಂಬೈ ಪೊಲೀಸರ ಅಶ್ವದಳ 1932ರಲ್ಲಿ ಮುಚ್ಚಿಹೋದದ್ದಕ್ಕೆ ಹೇಳುವ ಕಾರಣ, ರಸ್ತೆಗಳಲ್ಲಿ ಹೆಚ್ಚಿದ ಮೋಟಾರು ವಾಹನ. ಅದೇ ದಳಕ್ಕೆ 2020ರ ಗಣರಾಜ್ಯೋತ್ಸವದ ಹೊತ್ತಿಗೆ ಮರುಜೀವ ಬಂತು, ಅದೂ ವಾಹನಗಳು ಊಹೆಗೆ ಮೀರಿ ಬೆಳೆದ ಮೇಲೆ. ಕುದುರೆಯನ್ನು ಬೀದಿಯಿಂದ ಓಡಿಸಿದ್ದು ಕಾರು ಎಂದಾದರೆ, ಕಾರನ್ನೇ ಹೊರಗಿಟ್ಟ ಬೀದಿಗೆ ಅದು ಮರಳಲು ಅಡ್ಡಿಯೇನು ಎಂಬ ಪ್ರಶ್ನೆ ಸಹಜ. ದೆಹಲಿಯ ಚಾಂದನಿ ಚೌಕದ ಮುಖ್ಯ ಬೀದಿಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಕ್ಕೆ ನಿಷೇಧವಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ನಡೆಯುವವರ ಪಾಲಾಗಿತ್ತು. ಇಂಥ ಕಡೆ ಗಸ್ತು ತಿರುಗುವುದು ಹೇಗೆ? ಪೊಲೀಸರ ಹೊಯ್ಸಳ ಗಸ್ತು ವಾಹನ ಒಳಗೆ ಬಂದರೆ ನಿಯಮ ನಗೆಪಾಟಲಾಗುತ್ತದೆ. ನಡೆದುಬರುವ ಕಾನ್‌ಸ್ಟೆಬಲ್ ಸಂದಣಿಯಲ್ಲಿ ಹತ್ತು ಹೆಜ್ಜೆ ಆಚೆಯವರಿಗೆ ಕಾಣುವುದಿಲ್ಲ, ಆಚೆ ನಡೆಯುವುದು ಅವರಿಗೂ ಕಾಣುವುದಿಲ್ಲ.

ಕುದುರೆಯ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು ಎಂಟು ಅಡಿ ಎತ್ತರದಲ್ಲಿರುತ್ತದೆ. ಆದರೆ ಎತ್ತರದಿಂದ ನೋಡುವುದಷ್ಟೇ ಕೆಲಸವಾಗಿದ್ದರೆ ಸಿಸಿಟಿವಿ ಕ್ಯಾಮೆರಾ ಸಾಕು, ಅದಕ್ಕೆ ದಿನವೂ ಹುರುಳಿ ಬೇಯಿಸಿ ಹಾಕಬೇಕಿಲ್ಲ. ಕುದುರೆಯ ಲಾಭ ಬೇರೆಯೇ ಇದೆ. ಬ್ರಿಟನ್ನಿನ ಪೊಲೀಸ್ ಅಶ್ವದಳಗಳ ಕುರಿತು ರ‍್ಯಾಂಡ್ ಯುರೋಪ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕುತೂಹಲದ ಲೆಕ್ಕವಿದೆ. ಅಷ್ಟೇ ಹೊತ್ತಿನ ಗಸ್ತಿನಲ್ಲಿ ಜನ ತಾವಾಗಿ ಬಂದು ಮಾತಾಡಿಸುವುದು, ಕೈಬೀಸುವುದು ಕಾಲ್ನಡಿಗೆಯ ಪೊಲೀಸರಿಗಿಂತ ಸವಾರರಿಗೆ ಆರು ಪಟ್ಟಿಗೂ ಹೆಚ್ಚು. ಇದರ ತೂಕ ನಮ್ಮಲ್ಲಿ ಇನ್ನೂ ಜಾಸ್ತಿ. ಸಾಮಾನ್ಯ ಜನ ಪೊಲೀಸರೊಡನೆ ಬಾಯಿ ಬಿಡುವುದು ದೂರು ಕೊಡುವಾಗ, ಇಲ್ಲವೇ ದಂಡ ಕಟ್ಟುವಾಗ. ಠಾಣೆಯ ಮೆಟ್ಟಿಲು ಎಂದರೇ ಒಂದು ಅಳುಕು. ಕುದುರೆಯ ಹೆಸರೇನು ಎಂದು ಮಗು ಕೇಳಿದಾಗ ಜೊತೆಗಿರುವ ತಾಯಿಗೂ ಸವಾರರೊಡನೆ ಎರಡು ಮಾತು ಸಾಧ್ಯವಾಗುತ್ತದೆ. ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಮುಂದೊಂದು ಸಂಜೆ ಅನ್ನಿಸಿದರೆ, ಹಿಂದೆ ಮಾತಾಡಿಸಿದ್ದವರ ಬಳಿ ಹೇಳಿಕೊಳ್ಳುವುದು ಸುಲಭ. ಹಾಗಾಗಬೇಕಾದರೆ ಅದೇ ಬೀದಿಗೆ, ಅದೇ ಹೊತ್ತಿಗೆ, ಅದೇ ಜೋಡಿ ಸವಾರರು ಬರಬೇಕು. ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಕಾಣುವ ಕುದುರೆ ಯಾರ ಪರಿಚಯಕ್ಕೂ ಸಿಗುವುದಿಲ್ಲ.

ಕುದುರೆ ಎಂದರೆ ಹೆದರಿಕೆ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡ್ ಬಯಲಿನಲ್ಲಿ ಮತದಾನದ ಹಕ್ಕು ಕೇಳಿ ಸೇರಿದ್ದವರ ಮೇಲೆ ಕುದುರೆ ಸವಾರರು ನುಗ್ಗಿ ಹಲವರ ಜೀವ ತೆಗೆದದ್ದು ಚರಿತ್ರೆಯಲ್ಲಿದೆ. ಪ್ರಾಣಿ ಅದೇ, ಹೊರಿಸಿದ ಕೆಲಸ ಬೇರೆ. ಆದ್ದರಿಂದಲೇ ಡಿಸೆಂಬರ್ 31ರ ರಾತ್ರಿ ವಾಹನ ತಡೆದ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಕುದುರೆ ಇಳಿಸಬೇಕೆಂಬ ಯೋಚನೆ ಮೇಲ್ನೋಟಕ್ಕೆ ಎಷ್ಟೇ ಸರಿ ಕಂಡರೂ ನನ್ನ ಪ್ರಕಾರ ತಪ್ಪು. ಭುಜಕ್ಕೆ ಭುಜ ತಾಗುವ ನೂಕುನುಗ್ಗಲಿನಲ್ಲಿ ಅರ್ಧ ಟನ್ ತೂಕದ ಪ್ರಾಣಿ ಒಂದು ಹೆಜ್ಜೆ ಹಿಂದಿಟ್ಟರೂ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಮಾರ್ಡಿ ಗ್ರಾ ಹಬ್ಬದ ಕೊನೆಗೆ ಅಶ್ವದಳವೇ ಬೋರ್ಬನ್ ಬೀದಿಯನ್ನು ತೆರವು ಮಾಡುತ್ತದಲ್ಲ ಎನ್ನಬಹುದು. ನಿಜ. ಅಲ್ಲಿ ಕುದುರೆ ಬರುವುದು ಮಧ್ಯರಾತ್ರಿಗೆ, ಹಬ್ಬ ಮುಗಿಯಿತು ಎಂದು ಸಾರಲು. ಆ ಹೊತ್ತು ಎಲ್ಲರಿಗೂ ಮೊದಲೇ ಗೊತ್ತು, ಸರಿಯಲು ಉದ್ದಕ್ಕೂ ಅಡ್ಡರಸ್ತೆಗಳಿವೆ.

ಬೆದರಿದ ಕುದುರೆಯದು ಇನ್ನೂ ಕಷ್ಟದ ಪ್ರಶ್ನೆ. 2024ರ ಏಪ್ರಿಲ್ 24ರಂದು ಲಂಡನ್ನಿನಲ್ಲಿ ಕಟ್ಟಡ ಸಾಮಗ್ರಿ ಮೇಲಿಂದ ಬಿದ್ದ ಸದ್ದಿಗೆ ಸೇನೆಯ ಕುದುರೆಗಳು ಸವಾರರನ್ನು ಕೆಡವಿ ನಗರದ ನಡುವೆ ಓಡಿದವು. ಜನರಿಗೂ ಪೆಟ್ಟಾಯಿತು, ಕುದುರೆಗಳಿಗೂ. ರಾಜಧಾನಿಯ ಗದ್ದಲದಲ್ಲೇ ಪಳಗಿದ ಕುದುರೆಗಳ ಪಾಡು ಇದಾದರೆ, ಪಟಾಕಿ, ತಮಟೆ, ಬೀದಿನಾಯಿಗಳ ಹಿಂಡು ಇರುವ ನಮ್ಮ ಬೀದಿಯಲ್ಲಿ? ಮೈಸೂರಿನಲ್ಲಿ ದಸರಾಕ್ಕೆ ಮೊದಲು ಆನೆಗಳೊಂದಿಗೆ ಕುದುರೆಗಳಿಗೂ ಸಿಡಿಮದ್ದಿನ ತಾಲೀಮು ಕೊಡುವುದು ಈ ಕಾರಣಕ್ಕೇ. ಸದ್ದಿಗೆ ಒಗ್ಗಿಸುವ ವಿದ್ಯೆ ನಮ್ಮಲ್ಲಿದೆ. ನಾಯಿಗೆ ಒಗ್ಗಿಸುವುದೂ ಆ ಪಾಠಕ್ಕೆ ಸೇರಬೇಕು. ತಾಲೀಮಿನಿಂದ ನೀಗದ್ದು ಮನುಷ್ಯರ ಕಾಟ. 2016ರ ಮಾರ್ಚಿನಲ್ಲಿ ಡೆಹ್ರಾಡೂನಿನ ಪ್ರತಿಭಟನೆಯೊಂದರಲ್ಲಿ ಕಾಲು ಮುರಿದುಕೊಂಡ ಪೊಲೀಸ್ ಕುದುರೆ ಶಕ್ತಿಮಾನ್, ಕಾಲು ಕತ್ತರಿಸಿ ಕೃತಕ ಕಾಲು ಜೋಡಿಸಿದರೂ ಏಪ್ರಿಲ್ 20ರಂದು ಸತ್ತಿತು. ಪ್ರತಿಭಟನೆಗೆ ಕುದುರೆ ಬೇಡ ಎನ್ನಲು ನನಗೆ ಇದೊಂದೇ ಸಾಕು. ಸಂಜೆ ಅಡ್ಡಾಡುವವರ ಬೀದಿಯ ಮಾತು ಬೇರೆ.

ಖರ್ಚಿನ ವಿಷಯದಲ್ಲಿ ಸಮಾಧಾನ ಹೇಳಲು ಹೋಗುವುದಿಲ್ಲ. ಬಾಸ್ಟನ್ ನಗರ 2009ರಲ್ಲಿ ಬಜೆಟ್ ಬಿಗಿಯಾದಾಗ ತನ್ನ ಹಳೆಯ ಅಶ್ವದಳವನ್ನೇ ಕೈಬಿಟ್ಟಿತು. ಲಾಯ, ಮೇವು, ಲಾಳ, ಪಶುವೈದ್ಯರು ಎಲ್ಲ ಸೇರಿದರೆ ನಾಲ್ಕು ಜನ ಬೀಟ್ ಪೊಲೀಸರ ಬದಲು ಒಂದು ಕುದುರೆ ಸಾಕು ಎಂಬ ಲೆಕ್ಕ ಎಲ್ಲೂ ಕೂಡದು. ವಾಹನ ನುಗ್ಗುವುದನ್ನು ಅದು ತಡೆಯಲಾರದು ಕೂಡ. 2025ರ ಹೊಸವರ್ಷದ ನಸುಕಿನಲ್ಲಿ ಅದೇ ಬೋರ್ಬನ್ ಬೀದಿಗೆ ದಾಳಿಕೋರನೊಬ್ಬ ಟ್ರಕ್ ನುಗ್ಗಿಸಿ 14 ಜನರನ್ನು ಕೊಂದಾಗ, ಅಡ್ಡಗಂಬಗಳನ್ನು ಬದಲಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ. ಮೊದಲು ಕಂಬ, ಆಮೇಲೆ ಕಾಲ್ನಡಿಗೆಯ ಬೀಟ್, ಅದರ ಮೇಲೆ ಕುದುರೆ.

ಹಾಗಾಗಿ ಹೊಸ ಲಾಯ ಕಟ್ಟುವ ಮಾತು ಈಗ ಬೇಡ. ರಾಜ್ಯದ ಪೊಲೀಸ್ ಅಶ್ವಾರೋಹಿ ದಳ ಮೈಸೂರಿನಲ್ಲಿದೆ, ದಸರಾದಲ್ಲಿ ಜನ ಅದನ್ನು ನೋಡಿದ್ದಾರೆ. ಅಲ್ಲಿನ ಒಂದು ಪೇಟೆಬೀದಿಯನ್ನು ವಾರದಲ್ಲಿ ಎರಡು ಸಂಜೆ ವಾಹನಮುಕ್ತ ಮಾಡಿ ಎರಡು ಕುದುರೆಗಳನ್ನು ಕಳಿಸಿ ನೋಡಬಹುದು, ಒಬ್ಬರಾದರೂ ಮಹಿಳಾ ಸವಾರರಿರಲಿ. ಹಿಡಿದ ಜೇಬುಗಳ್ಳರ ಜೊತೆಗೆ, ಎಷ್ಟು ಜನ ತಾವಾಗಿ ಬಂದು ಮಾತಾಡಿಸಿದರು ಎಂಬುದನ್ನೂ ಬರೆದಿಡಲಿ. ಕಲ್ಲು ಹಾಸಿದ ಚರ್ಚ್ ಸ್ಟ್ರೀಟ್ ಆಮೇಲಿನ ಮಾತು; ಕಬ್ಬಿಣದ ಲಾಳ ಗ್ರಾನೈಟಿನ ಮೇಲೆ ಜಾರುತ್ತದೆ, ಮಳೆಯಲ್ಲಂತೂ ಇನ್ನಷ್ಟು. ಲದ್ದಿ ಎತ್ತುವವರು ಯಾರು ಎಂಬುದೂ ಮೊದಲ ದಿನವೇ ತೀರ್ಮಾನವಾಗಲಿ. ಅದನ್ನು ಪೌರಕಾರ್ಮಿಕರ ಪಾಲಿಗೆ ತಳ್ಳದೆ, ಕುದುರೆಯ ಹಿಂದೆಯೇ ದಳದ ಒಬ್ಬರು ಸಲಿಕೆ ಹಿಡಿದು ಬರಬೇಕು.