ವಾಲ್ವ್ ಇಲ್ಲದ ಕುಕ್ಕರ್ ತರ್ತೀರೇನ್ರಿ?

ಹಳೇ ಕುಕ್ಕರ್ ಅಗ್ಗಕ್ಕ ಸಿಗತೈತಿ, ಆದ್ರ ಸೇಫ್ಟಿ ವಾಲ್ವ್ ಇಲ್ಲ ಅಂದ್ರ ನೀವು ಯಾರರ ಮನಿಗೆ ತರ್ತೀರೇನು? ತರಂಗಿಲ್ಲ. ಹಂಗಾರ ನಮ್ಮ ಗಂಡಸರು ಗಾರ್ಡ್ ಇಲ್ಲದ ಮಷೀನ್ ಹ್ಯಾಂಗ ತರ್ತಾರ? ಇದ ನನ್ನ ಇವತ್ತಿನ ಜಗಳ.

ನಮ್ಮದು ಧಾರವಾಡದಾಗ ಬಾಗಲಾ, ಚೌಕಟ್ಟು ಮಾಡೋ ಸಣ್ಣ ಶೆಡ್. ಮನಿ ಹಿಂದನ ಐತಿ. ಹೋದ ವರ್ಷ ಮಗ ಒಂದು ಹಳೇ, ಭಾರೀ ಸ್ಪಿಂಡಲ್ ಮೋಲ್ಡರ್ ನೋಡಿ ಬಂದ. ಗೊತ್ತಿಲ್ಲದ ಅಕ್ಕಂದಿರಿಗೆ ಹೇಳ್ತೀನಿ: ಎರಕದ ಕಬ್ಬಿಣದ ಮೇಜು, ನಡುವ ತೂತು, ಅದರಾಗಿಂದ ನೆಟ್ಟಗ ಮ್ಯಾಲೆ ಬಂದ ಶಾಫ್ಟ್, ಅದಕ್ಕ ಕಟರ್. ನಿಮಿಷಕ್ಕ 6000 ಸುತ್ತು ಅಂದ್ರ ಸೆಕೆಂಡಿಗೆ 100. ಕಟ್ಟಿಗಿ ಒತ್ತಿ ಸರಿಸಿದ್ರ ಚೌಕಟ್ಟಿನ ರಿಬೇಟ್, ಮೋಲ್ಡಿಂಗ್ ಎಲ್ಲಾ ಬರ್ತಾವ.

80 ಸಾವಿರ ಅಂದ್ರು. ನನ್ನ ಬಂಗಾರ ಒತ್ತಿ ಇಟ್ಟು ರೊಕ್ಕ ತರೋದಿತ್ತು, ಅದಕ್ಕ ನಾನೂ ನೋಡಾಕ ಹೊಂಟೆ. "ಮಷೀನ್ ವಿಷಯ ನಿನಗೇನ್ ತಿಳೀತೈತಿ?" ಅಂದ್ರು ನಮ್ಮನಿಯವರು. ಬಂಗಾರ ಬಿಚ್ಚಿ ಕೊಡೋವಾಗ ಮಾತ್ರ ನನಗ ತಿಳೀಬೇಕೇನು?

ಒಂದು ತಿಂಗಳು ಬೇರಿಂಗ್ ಅಂಗಡಿ, ಲೇತ್ ಅಂಗಡಿ ಅಡ್ಡಾಡಿ ನೋಟ್‌ಬುಕ್ಕಿನಾಗ ಬರಕೊಂಡೆ. "ಹಳೇ ಮಷೀನಿಗೆ ಪಾರ್ಟ್ ಸಿಗಂಗಿಲ್ಲ" ಅನ್ನೋದು ಅರ್ಧ ಸುಳ್ಳು. ಬೇರಿಂಗಿನ ಮ್ಯಾಲೆ ನಂಬರ್ ಕೊರದಿರ್ತಾರ. 6207 ಅಂತ ಇದ್ರ ಕಡೀ ಎರಡು ಅಂಕಿಯನ್ನ 5ರಿಂದ ಗುಣಿಸ್ರಿ, 35 ಮಿಲಿಮೀಟರ್, ಅದ ಒಳಗಿನ ತೂತು. ಮಷೀನ್ ಮಾಡಿದ ಕಂಪನಿ ಮುಚ್ಚಿದ್ರೂ ಆ ನಂಬರಿನ ಬೇರಿಂಗ್ ಹುಬ್ಬಳ್ಳ್ಯಾಗ ಸಿಗತೈತಿ. ಬೆಲ್ಟಿಗೂ ನಂಬರ್ ಇರ್ತೈತಿ. ಮೋಟರ್ ಸುಟ್ಟಿದ್ರ ಕಾಯಿಲ್ ಸುತ್ತಿ ಕೊಡ್ತಾರ. ಇನ್ನ ತೂಕ ಅಂತೀರಿ, ಅದು ಹಳೇದರ ಗುಣ. ಭಾರ ಇದ್ದಷ್ಟು ಅದುರೋದು ಕಡಿಮಿ. ಹಿಂಗಾಗಿ ಹಳೇದು ಬ್ಯಾಡ ಅನ್ನಾಕ ನಾ ಬಂದಿಲ್ಲ.

ನಂಬರ್ ಹೇಳಿ ತರಾಕ ಬರದೇ ಇರೋವನ್ನ ಮೊದಲ ಕೇಳ್ರಿ. ಶಾಫ್ಟ್ ದಪ್ಪ ಎಷ್ಟು? ಕೆಲವು 30 ಮಿಲಿಮೀಟರ್, ಕೆಲವು ಒಂದೂಕಾಲು ಇಂಚು, ಅಂದ್ರ 31.75. ಸಣ್ಣ ಶಾಫ್ಟಿಗೆ ದೊಡ್ಡ ತೂತಿನ ಕಟರ್ ಹಾಕಿ ನಡುವ ತಗಡು ಸುತ್ತೋ ಮಂದಿ ಅದಾರ. ಕಟರ್ ಓರೆಯಾಗಿ ತಿರುಗಿದ್ರ ಏನಾದೀತು ಅಂತ ನೀವ ವಿಚಾರ ಮಾಡ್ರಿ. ಶಾಫ್ಟ್ ಕೈಲೆ ಅಲುಗಾಡಿಸಿ ನೋಡ್ರಿ. ಆಮ್ಯಾಲೆ ಫೆನ್ಸ್, ಮೇಜಿನ ತೂತಿಗೆ ಕೂಡೋ ರಿಂಗ್, ಎಲ್ಲಾದಕ್ಕಿಂತ ಮೊದಲ ಕಟರ್ ಮುಚ್ಚೋ ಗಾರ್ಡ್.

ನಾ ಗಾರ್ಡ್ ಕೇಳಿದ್ದಕ್ಕ ಮಾರೋರು ನಕ್ಕರು. "ಅಕ್ಕಾರ, ಅದನ್ನ ಯಾರು ಹಾಕ್ತಾರ್ರಿ? ಕೆಲಸಕ್ಕ ಅಡ್ಡ ಬರತೈತಿ."

ನಮ್ಮ ಭಾವನವರೂ ಇದ ಮಾತು ಅಂತಿದ್ರು. ಒಂದು ಮಧ್ಯಾಹ್ನ ಅವರ ಬಲಗೈಯಿನ ಎರಡು ಬೆರಳು ಹ್ವಾದವು. ಆವತ್ತಿಂದ ಅವರು ರೊಟ್ಟಿ ಮುರಿಯೋದು ಎಡಗೈಲೆ. ತಾಟು ಇಡೋಕಿ ನಾನು, ದಿನಾ ನೋಡೋಕಿನೂ ನಾನ. "ಅಡ್ಡ ಬರತೈತಿ" ಅಂದ್ರ ಯಾರಿಗೆ ಅಡ್ಡ? ಕೈಗೆ ಅಡ್ಡ ಬರಲಿ ಅಂತನ ಅದನ್ನ ಮಾಡ್ಯಾರ!

1948ರ ಕಾರ್ಖಾನೆ ಕಾಯ್ದೆ 21ನೇ ಕಲಮಿನಾಗ ಮಷೀನಿನ ಅಪಾಯದ ಭಾಗಕ್ಕ ಭದ್ರ ಬೇಲಿ ಇರಬೇಕು ಅಂತ ಬರದಿದ್ರು. ಮನಿ ಹಿಂದಿನ ಶೆಡ್ಡಿಗೆ ಬಂದು ಕೇಳೋರಿಲ್ಲ, ಖರೆ. ಬೆರಳಿಗೆ ಅದು ದೊಡ್ಡ ಕಾರ್ಖಾನಿ, ಇದು ಸಣ್ಣ ಶೆಡ್ ಅಂತ ಗೊತ್ತಾಗತೈತೇನು?

ಗಾರ್ಡ್ ಬರೂತನಕ ಬಂಗಾರ ಕಪಾಟಿನಾಗ ಅಂದೆ. ಮಗ ಸಿಟ್ಟಾದ, ನಮ್ಮನಿಯವರು ಎಂಟು ದಿನ ಮಾತು ಬಿಟ್ರು, ಹನ್ನೆರಡು ಚೌಕಟ್ಟಿನ ಆರ್ಡರ್ ಕೈ ತಪ್ಪಿತು. ಅದರ ಸಂಕಟ ನನಗೂ ಆಗೇತಿ. ಕಡೀಕ ಎಲ್ಲಿ ಸಿಕ್ತು ಗೊತ್ತೇನ್ರಿ? ಅದ ಮಾರೋರ ಹಿತ್ತಲದಾಗ, ತೂಕಕ್ಕ ಹಾಕಾಕ ಇಟ್ಟ ಗುಜರಿಯೊಳಗ! ಫೆನ್ಸಿಗೆ ಕೂಡೇ ಇತ್ತು. ರಿಂಗ್ ಒಂದನ್ನ ಹುಬ್ಬಳ್ಳಿ ಗೋಕುಲ ರೋಡಿನ ಲೇತಿನಾಗ ಮಾಡಿಸಿದ್ವಿ.

ಹಳೇ ಮಷೀನ್ ಮಾರೋರಿಗೆ ನನ್ನದೊಂದು ಮಾತು: ಗಾರ್ಡ್ ಕಿತ್ತು ಗುಜರಿಗೆ ಹಾಕಬ್ಯಾಡ್ರಿ, ಮಷೀನ್ ಕೂಡ ಕೊಡ್ರಿ. ಅಕ್ಕಂದಿರಾ, ಮುಂಗಡ ಕೊಡೂಕಿಂತ ಮೊದಲ ನೀವೂ ಹೋಗಿ ನಿಂತು ಕೇಳ್ರಿ. ನಗೋರು ನಗಲಿ. ಮುಂದ ತುತ್ತು ಕಲಿಸಿ ಕೊಡೋರು ಅವರಲ್ಲ, ನಾವು.